ತಾಳ ಬದಲಾದಾಗ ಕುಣಿಯುವವರ ಸಿಟ್ಟು

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಅರವತ್ತು ದಾಟಿದ ನಾಲ್ಕು ಜನ ಒಂದು ಟೇಬಲ್ ಸುತ್ತ ಕೂತರೆ ಸಾಕು, ನಲವತ್ತು ವರ್ಷಕ್ಕೂ ಹಳೆಯದಾದ ಒಂದು ಜಗಳ ಮತ್ತೆ ಶುರುವಾಗುತ್ತದೆ. 1980ರಲ್ಲಿ ಈ ಊರಿನದೇ ಆದ ‘ದ ಸ್ಪೆಷಲ್ಸ್’ ಎಂಬ ಸಂಗೀತ ತಂಡ ತನ್ನ ಸ್ಕಾ ಸಂಗೀತವನ್ನು ಬಿಟ್ಟು ಬೇರೆ ದಾರಿ ಹಿಡಿದದ್ದು ಸರಿಯೋ ತಪ್ಪೋ? ಫುಟ್‌ಬಾಲ್ ಬಗ್ಗೆ, ರಾಜಕೀಯದ ಬಗ್ಗೆ ಮಾತಾಡುವಾಗ ಏರದ ದನಿ ಇದಕ್ಕೆ ಏರುತ್ತದೆ. ಮಡಿಕೇರಿಯಿಂದ ಓದಲು ಬಂದು ಇಲ್ಲೇ ಕೆಲಸಕ್ಕೆ ನಿಂತ ನನಗೆ ಮೊದಮೊದಲು ಇದು ಅರ್ಥವೇ ಆಗುತ್ತಿರಲಿಲ್ಲ. ಈಗ ಈ ಊರಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿಗಳಲ್ಲಿ ಇದೂ ಒಂದು. ಕೊಡಗಿನಲ್ಲಿ ಮದುವೆ ಹಾಲ್‌ಗಳಿಂದ ವಾಲಗ ಮರೆಯಾಗುತ್ತಿದೆ ಎಂದು ಸಂಕಟಪಡುವ ನಮ್ಮವರಿಗೆ ಇದನ್ನು ಹೇಳಲೇಬೇಕು ಅನಿಸಿ ಬರೆಯುತ್ತಿದ್ದೇನೆ.

ಸ್ಕಾ ಹುಟ್ಟಿದ್ದು ಜಮೈಕಾದಲ್ಲಿ, 1950ರ ದಶಕದ ಕೊನೆಗೆ. ಅಮೆರಿಕದ ರೇಡಿಯೋದಿಂದ ತೇಲಿ ಬರುತ್ತಿದ್ದ ರಿದಮ್ ಅಂಡ್ ಬ್ಲೂಸ್ ಹಾಡುಗಳನ್ನು ಕಿಂಗ್‌ಸ್ಟನ್ನಿನ ವಾದ್ಯಗಾರರು ತಮ್ಮ ಮೆಂಟೋ ಜಾನಪದದ ಜೊತೆ ಬೆರೆಸಿದರು. ಒಂದು ಪೆಟ್ಟಿಗೂ ಮುಂದಿನ ಪೆಟ್ಟಿಗೂ ನಡುವಿನ ಖಾಲಿ ಜಾಗದಲ್ಲಿ ಗಿಟಾರ್, ಪಿಯಾನೋ ಚಕ್ ಚಕ್ ಎಂದು ಬೀಳುತ್ತವೆ. ಮೇಲೆ ಟ್ರಂಪೆಟ್, ಟ್ರೊಂಬೋನ್, ಸ್ಯಾಕ್ಸೊಫೋನ್. ಅದಕ್ಕೇ ಅದನ್ನು ಕೇಳುವಾಗ ಕಾಲು ನೆಲ ಮುಟ್ಟಿದ್ದಕ್ಕಿಂತ ನೆಲ ಬಿಟ್ಟದ್ದೇ ಹೆಚ್ಚು ಅನಿಸುವುದು. ಹಾಡುಗಳು ಜನರಿಗೆ ಮುಟ್ಟುತ್ತಿದ್ದುದು ಸೌಂಡ್ ಸಿಸ್ಟಮ್‌ಗಳ ಮೂಲಕ. ಕಾಕ್ಸನ್ ಡಾಡ್, ಡ್ಯೂಕ್ ರೀಡ್ ಮೊದಲಾದವರು ಆಳೆತ್ತರದ ಸ್ಪೀಕರ್‌ಗಳನ್ನು ಬೀದಿಗೆ ಇಳಿಸಿ, ಯಾರ ಕಡೆ ಹೆಚ್ಚು ಜನ ಸೇರುತ್ತಾರೆ ಎಂದು ಪೈಪೋಟಿ ನಡೆಸುತ್ತಿದ್ದರು. ವಿಜಯದಶಮಿಯ ರಾತ್ರಿ ಮಡಿಕೇರಿಯಲ್ಲಿ ದಶಮಂಟಪಗಳ, ಅಂದರೆ ಹತ್ತು ದೇವಸ್ಥಾನಗಳ ಮೆರವಣಿಗೆ ಮಂಟಪಗಳ, ನಡುವೆ ನಡೆಯುವ ಜಿದ್ದನ್ನು ನೋಡಿದವರಿಗೆ ಆ ಬೀದಿಯ ಬಿಸಿ ಹೇಗಿದ್ದೀತೆಂದು ಹೆಚ್ಚು ವಿವರಿಸಬೇಕಿಲ್ಲ. 1962ರ ಆಗಸ್ಟ್ 6ರಂದು ದೇಶ ಸ್ವತಂತ್ರವಾದಾಗ ಬೀದಿಬೀದಿಯಲ್ಲಿ ಕುಣಿದದ್ದು ಇದೇ ತಾಳಕ್ಕೆ.

ಆ ತಾಳವನ್ನು ಜಮೈಕಾದವರೇ ಬೇಗ ದಾಟಿಹೋದರು. 1966ರ ಹೊತ್ತಿಗೆ ವೇಗ ಇಳಿಯಿತು, ಕಹಳೆಗಳು ಹಿಂದೆ ಸರಿದವು, ಬೇಸ್ ಗಿಟಾರ್ ಮುಂದೆ ಬಂತು. ಅದು ರಾಕ್‌ಸ್ಟೆಡಿ. ಇನ್ನೆರಡು ವರ್ಷದಲ್ಲಿ ಅದೂ ರೆಗ್ಗೆ ಆಯಿತು. 1966ರಲ್ಲಿ ಸೆಕೆ ಜಾಸ್ತಿ ಇತ್ತು, ಕುಣಿಯುವವರು ಸುಸ್ತಾಗುತ್ತಿದ್ದರು, ಅದಕ್ಕೇ ವಾದ್ಯದವರು ನಿಧಾನ ಮಾಡಿದರು ಎಂಬ ಕಥೆಯನ್ನು ಇಂದಿಗೂ ಹೇಳುತ್ತಾರೆ. ಕಥೆ ಇರಬಹುದು. ಆದರೆ ಅದರೊಳಗಿನ ಸಂಬಂಧ ನನಗೆ ತುಂಬ ಮುಖ್ಯವಾಗಿ ಕಾಣುತ್ತದೆ: ಬಾರಿಸುವವರ ಕಣ್ಣು ಕುಣಿಯುವವರ ಕಾಲಿನ ಮೇಲಿತ್ತು.

ಕೊವೆಂಟ್ರಿ ಕಾರ್ಖಾನೆಗಳ ಊರು. 1940ರ ನವೆಂಬರ್ 14ರ ಬಾಂಬ್ ದಾಳಿಯಲ್ಲಿ ನಡುಪೇಟೆಯೇ ಸುಟ್ಟುಹೋಗಿತ್ತು. ಆಮೇಲೆ ಮತ್ತೆ ಕಟ್ಟಿಕೊಂಡ ಊರಿನ ಕಾರು ಕಾರ್ಖಾನೆಗಳಿಗೆ ದುಡಿಯಲು ಐರ್ಲೆಂಡಿನವರು, ಜಮೈಕಾದವರು, ಪಂಜಾಬಿನವರು ಬಂದರು. ಅವರ ಮಕ್ಕಳು ಇಲ್ಲಿನ ಬಿಳಿಯರ ಮಕ್ಕಳ ಜೊತೆ ಒಂದೇ ಶಾಲೆಯಲ್ಲಿ ಕಲಿತರು. 1977ರಲ್ಲಿ ಜೆರ್ರಿ ಡ್ಯಾಮರ್ಸ್ ಕಟ್ಟಿದ ತಂಡವೇ ದ ಸ್ಪೆಷಲ್ಸ್. ಏಳು ಜನ, ಕರಿಯರೂ ಬಿಳಿಯರೂ ಒಂದೇ ವೇದಿಕೆಯಲ್ಲಿ. ಡ್ಯಾಮರ್ಸ್ ಮತ್ತು ಬೇಸ್ ನುಡಿಸುವ ಹೊರೇಸ್ ಪ್ಯಾಂಟರ್ ಪರಿಚಯವಾದದ್ದು ಲ್ಯಾಂಚೆಸ್ಟರ್ ಪಾಲಿಟೆಕ್ನಿಕ್‌ನಲ್ಲಿ. ನಾನು ಓದಿದ ಕೊವೆಂಟ್ರಿ ವಿಶ್ವವಿದ್ಯಾಲಯದ ಆಗಿನ ಹೆಸರು ಅದು. 1979ರಲ್ಲಿ ಟೂ ಟೋನ್ ಎಂಬ ರೆಕಾರ್ಡ್ ಲೇಬಲ್ ಶುರುವಾಯಿತು. ಕಪ್ಪು ಬಿಳಿ ಚೌಕಳಿಯೇ ಅದರ ಗುರುತು. ಹಳೆಯ ಸ್ಕಾಗೆ ಪಂಕ್ ರಾಕ್ ಸಂಗೀತದ ಸಿಟ್ಟನ್ನು ಸೇರಿಸಿದ ಆ ಹಾಡುಗಳಿಗೆ ಇಡೀ ಬ್ರಿಟನ್ನಿನ ಹುಡುಗರು ಕುಣಿದರು.

ನ್ಯಾಷನಲ್ ಫ್ರಂಟ್‌ನಂಥ ಜನಾಂಗದ್ವೇಷಿ ಪಕ್ಷಗಳು ಬೀದಿಯಲ್ಲಿ ಮೆರವಣಿಗೆ ಮಾಡುತ್ತಿದ್ದ ಕಾಲ ಅದು. ಅಂಥ ಹೊತ್ತಲ್ಲಿ ಕರಿಯ ಹುಡುಗನೂ ಬಿಳಿಯ ಹುಡುಗನೂ ಭುಜಕ್ಕೆ ಭುಜ ತಾಗಿಸಿ ಕುಣಿಯುವುದೇ ಒಂದು ನಿಲುವು. ಸ್ಪೆಷಲ್ಸ್ ಕಛೇರಿಗಳಲ್ಲಿ ಕೊನೆಯ ಹಾಡಿನ ಹೊತ್ತಿಗೆ ಜನ ವೇದಿಕೆಗೇ ಹತ್ತಿಬಿಡುತ್ತಿದ್ದರು. ಹಾಡುವವರು ಯಾರು, ಕೇಳುವವರು ಯಾರು ಎಂದು ಗೊತ್ತಾಗದಷ್ಟು ಗದ್ದಲ. ನನ್ನ ಪಕ್ಕದ ಮನೆಯವರು ಆಗ ಹದಿನಾರರ ಹುಡುಗ. ಲೊಕಾರ್ನೋ ಎಂಬ ನೃತ್ಯಮಂದಿರದಲ್ಲಿ ಹಾಗೆ ವೇದಿಕೆ ಹತ್ತಿದ್ದನ್ನು ಅವರು ಇಂದಿಗೂ ನಿಂತುಕೊಂಡೇ ಹೇಳುತ್ತಾರೆ, ಕೂತು ಹೇಳಲು ಅವರಿಂದ ಆಗುವುದಿಲ್ಲ. ಆ ಕಟ್ಟಡ ಈಗ ಊರಿನ ಕೇಂದ್ರ ಗ್ರಂಥಾಲಯ. ಅಲ್ಲಿಗೆ ಪುಸ್ತಕ ತರಲು ಹೋದಾಗಲೆಲ್ಲ ನನಗೆ ಅವರ ಮಾತು ನೆನಪಾಗುತ್ತದೆ.

ಮರುವರ್ಷ, 1980ರಲ್ಲಿ, ಎರಡನೆಯ ಆಲ್ಬಮ್ ಬಂತು. ಡ್ಯಾಮರ್ಸ್ ಅಷ್ಟರಲ್ಲಿ ಹೋಟೆಲ್ ಲಾಬಿಗಳಲ್ಲಿ, ಲಿಫ್ಟ್‌ಗಳಲ್ಲಿ ಮೆಲ್ಲಗೆ ಕೇಳಿಬರುವ ಹಿನ್ನೆಲೆ ಸಂಗೀತದ ಬೆನ್ನು ಹತ್ತಿದ್ದರು. ಊರೂರು ತಿರುಗಿ ಹೋಟೆಲ್ ಕೋಣೆಗಳಲ್ಲಿ ರಾತ್ರಿ ಕಳೆದವರ ದಣಿವು ಅದರಲ್ಲಿ ಕೇಳಿಸುತ್ತದೆ. ಮೊದಲ ಬದಿಯಲ್ಲಿ ಹಳೆಯ ಹುರುಪು ಇನ್ನೂ ಇದೆ. ತಿರುಗಿಸಿ ಹಾಕಿದರೆ ಯಂತ್ರದ ತಾಳ, ಎಲೆಕ್ಟ್ರಿಕ್ ಆರ್ಗನ್, ಲ್ಯಾಟಿನ್ ಓಲಾಟ, ಸಿನಿಮಾ ಹಿನ್ನೆಲೆಯಂಥ ವಿಚಿತ್ರ ಮೆಲುದನಿ. ತಂಡದೊಳಗೇ ಎಲ್ಲರಿಗೂ ಅದು ಒಪ್ಪಿಗೆಯಾಗಿರಲಿಲ್ಲ. ನಮ್ಮ ನೆರೆಯವರು ರೆಕಾರ್ಡ್ ಕೊಂಡು ಓಡಿ ಬಂದು, ಎರಡನೆಯ ಬದಿ ಕೇಳಿ, ಕವರ್‌ನೊಳಗೆ ವಾಪಸ್ ಇಟ್ಟು ವರ್ಷಗಟ್ಟಲೆ ಮುಟ್ಟಲಿಲ್ಲವಂತೆ. “ನಮ್ಮನ್ನು ಬಿಟ್ಟು ಎಲ್ಲಿಗೋ ಹೋದರು ಅನಿಸಿತು” ಎಂದರು.

ಹಾಡು ಚೆನ್ನಾಗಿಲ್ಲ ಅನ್ನುವುದಕ್ಕಿಂತ ಬಹಳ ಬೇರೆಯ ಮಾತು ಇದು. ಇದನ್ನು ನಾನು ಸರಿಯಾಗಿ ಅರ್ಥ ಮಾಡಿಕೊಂಡದ್ದು ಕೊವೆಂಟ್ರಿಯಲ್ಲಿ ಅಲ್ಲ, ಮಡಿಕೇರಿಯಲ್ಲಿ, ನಮ್ಮ ಸೋದರಮಾವನ ಬಾಯಲ್ಲಿ.

ಕಾಫಿ ಕೊಯ್ಲಿನ ಕಾಲದಲ್ಲಿ ರಜೆಗೆ ಹೋದಾಗ ನೆಂಟರ ಮದುವೆ ಇತ್ತು. ಸಮಾಜದ ಹಾಲ್‌ನಲ್ಲಿ ಬೆಳಿಗ್ಗೆ ವಾಲಗ, ರಾತ್ರಿ ಡೀಜೆ. ಕೊಡಗಿನ ನಿಲುವಂಗಿ ಕುಪ್ಪಸ ತೊಟ್ಟ ಮಾವ ವಾಲಗಕ್ಕೆ ಕೈ ಮೇಲೆತ್ತಿ ಕುಣಿದದ್ದೇ ಕುಣಿದದ್ದು. ಡೀಜೆ ಹುಡುಗ ಅದೇ ವಾಲಗದ ಧಾಟಿಯನ್ನು ದೊಡ್ಡ ಬೇಸ್ ಸೇರಿಸಿ ಹಾಕಿದಾಗ ಮಾತ್ರ ಹೋಗಿ ಕುರ್ಚಿಯಲ್ಲಿ ಕೂತರು. ಮಕ್ಕಳೆಲ್ಲ ಕುಣಿಯುತ್ತಿದ್ದರು, ಧಾಟಿಯೂ ಅದೇ. ಮತ್ತೆ ಇವರಿಗೇನಾಯಿತು?

“ಎಂತ ಮಾವ, ಸುಸ್ತಾಯ್ತಾ?” ಎಂದೆ.

“ಸುಸ್ತು ಎಂತದು ಮಾರಾಯ. ಬೆಳಿಗ್ಗೆ ವಾಲಗದವ್ನು ನನ್ನ ಕಾಲು ನೋಡಿಕೊಂಡು ಬಾರಿಸ್ತಿದ್ದ. ನಾನು ಸ್ವಲ್ಪ ಏರಿಸಿದ್ರೆ ಅವ್ನೂ ಏರಿಸ್ತಿದ್ದ. ಮುದುಕ್ರು ಯಾರಾದ್ರೂ ಒಳಗೆ ಬಂದ್ರೆ ಇಳಿಸ್ತಿದ್ದ. ಈ ಹುಡುಗನ ಕಣ್ಣು ಲ್ಯಾಪ್‌ಟಾಪ್ ಬಿಟ್ಟು ಮೇಲೆ ಬಂದಿದ್ದು ನೋಡಿದ್ಯಾ ನೀನು?”

ನೋಡಿರಲಿಲ್ಲ. ಅವನು ಪಾಪ ಒಳ್ಳೆಯ ಹುಡುಗ, ಮಧ್ಯರಾತ್ರಿಯವರೆಗೂ ನಿಂತೇ ಇದ್ದ. ಆದರೆ ಮಾವನ ಮಾತು ನನ್ನೊಳಗೆ ಉಳಿಯಿತು. ಅವರಿಗೆ ನೋವಾದದ್ದು ಸ್ವರಕ್ಕಲ್ಲ, ತಾವು ಕುಣಿದರೂ ಬಿಟ್ಟರೂ ಸಂಗೀತಕ್ಕೆ ವ್ಯತ್ಯಾಸವೇ ಆಗುತ್ತಿಲ್ಲ ಎಂಬುದಕ್ಕೆ. ಕೊವೆಂಟ್ರಿಯ ಹದಿನಾರರ ಹುಡುಗನಿಗೆ ಎರಡನೆಯ ಬದಿಯ ಯಂತ್ರತಾಳ ಕೇಳಿದಾಗ ಆದದ್ದೂ ಇದೇ ಇರಬೇಕು. ನೀನು ವೇದಿಕೆ ಹತ್ತಿದರೂ ಆ ಯಂತ್ರ ನಿನ್ನತ್ತ ತಿರುಗಿ ನೋಡುವುದಿಲ್ಲ. ಜಮೈಕಾದಲ್ಲಿ ವೇಗ ಇಳಿದಾಗ ದ್ರೋಹ ಎಂಬ ಕೂಗು ಏಳದೆ, ಇಂಗ್ಲೆಂಡಿನಲ್ಲಿ ಎದ್ದದ್ದು ಯಾಕೆ ಎಂಬುದಕ್ಕೆ ನಾನು ಕಂಡುಕೊಂಡ ಕಾರಣವೂ ಇದೇ. ಅಲ್ಲಿ ಬದಲಾವಣೆ ಕುಣಿಯುವ ಅಂಗಳದಲ್ಲೇ, ಎಲ್ಲರ ಕಣ್ಣೆದುರು ಆಯಿತು. ಇಲ್ಲಿ ಸ್ಟುಡಿಯೋದ ಬಾಗಿಲು ಮುಚ್ಚಿ ಆಯಿತು, ಜನರಿಗೆ ಸಿಕ್ಕಿದ್ದು ಮುಗಿದ ಕೆಲಸ.

ಹಾಗೆಂದು ಅಭಿಮಾನಿಗಳ ಕೋಪವೇ ಸರಿ, ತಂಡ ತಪ್ಪು ಎಂದು ನಾನು ಹೇಳಲಾರೆ. 1981ನ್ನು ನೋಡಿ. ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಏಪ್ರಿಲ್‌ನಲ್ಲಿ ಕೊವೆಂಟ್ರಿಯ ಪೇಟೆಯಲ್ಲೇ, ಹಗಲಲ್ಲೇ, ಪಂಜಾಬಿ ಮೂಲದ ವಿದ್ಯಾರ್ಥಿಯೊಬ್ಬನನ್ನು ಜನಾಂಗದ್ವೇಷಿ ಗುಂಪು ಇರಿದು ಕೊಂದಿತು. ಜೂನ್‌ನಲ್ಲಿ ಸ್ಪೆಷಲ್ಸ್ ಸೌಹಾರ್ದಕ್ಕಾಗಿ ಇಲ್ಲಿನ ಬಟ್ಸ್ ಕ್ರೀಡಾಂಗಣದಲ್ಲಿ ಹಾಡಿದರು. ಅದೇ ತಿಂಗಳು ಬಂದದ್ದು ಅವರ ‘ಘೋಸ್ಟ್ ಟೌನ್’. ಕ್ಲಬ್ಬುಗಳೆಲ್ಲ ಮುಚ್ಚಿಹೋದ, ಹುಡುಗರಿಗೆ ಕೆಲಸವಿಲ್ಲದ ಊರಿನ ಹಾಡು. ತೆವಳುವ ವೇಗ, ಆರ್ಗನ್ನಿನ ಅಳು, ಗಾಳಿಯಂತೆ ಊಳಿಡುವ ದನಿಗಳು. ಜುಲೈನಲ್ಲಿ ಲಿವರ್‌ಪೂಲ್‌ನ ಟಾಕ್ಸ್‌ಟೆತ್ ಸೇರಿದಂತೆ ಹಲವೆಡೆ ಗಲಭೆ ಹೊತ್ತಿ ಉರಿಯುತ್ತಿದ್ದಾಗ ಇದು ಮೂರು ವಾರ ದೇಶದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ಹಿಂದಿನ ವರ್ಷ ಆ ಲಿಫ್ಟ್ ಸಂಗೀತದ ಹುಚ್ಚಿಗೆ ಬೀಳದಿದ್ದರೆ ಡ್ಯಾಮರ್ಸ್ ಇಂಥ ಹಾಡು ಕಟ್ಟುತ್ತಿರಲಿಲ್ಲ ಎಂದು ನಾನು ಖಂಡಿತವಾಗಿ ನಂಬುತ್ತೇನೆ. 1979ರ ಕುಣಿತದ ವೇಗದಲ್ಲಿ ಆ ಭಯವನ್ನು ಹೇಳಲು ಸಾಧ್ಯವೇ ಇರಲಿಲ್ಲ. ರೆಕಾರ್ಡನ್ನು ಮುಚ್ಚಿಟ್ಟಿದ್ದ ನಮ್ಮ ನೆರೆಯವರೂ ಆ ಬೇಸಿಗೆ ಇದನ್ನೇ ಹಾಡುತ್ತ ನಿರುದ್ಯೋಗ ಭತ್ಯೆಯ ಸಾಲಿನಲ್ಲಿ ನಿಂತಿದ್ದರಂತೆ.

ಆ ಹಾಡಿನ ಬೆನ್ನಿಗೇ ತಂಡ ಒಡೆಯಿತು. ಮುಖ್ಯ ಹಾಡುಗಾರ ಟೆರ್ರಿ ಹಾಲ್, ಜೊತೆಗೆ ನೆವಿಲ್ ಸ್ಟೇಪಲ್, ಲಿನ್ವಲ್ ಗೋಲ್ಡಿಂಗ್ ಹೊರನಡೆದು ಫನ್ ಬಾಯ್ ಥ್ರೀ ಎಂಬ ತಂಡ ಕಟ್ಟಿದರು. ಉಳಿದವರ ಜೊತೆ ಡ್ಯಾಮರ್ಸ್ ಇನ್ನೂ ದೂರ ಹೋದರು. ನೆಲ್ಸನ್ ಮಂಡೇಲಾ ಬಿಡುಗಡೆಗಾಗಿ 1984ರಲ್ಲಿ ಅವರು ಮಾಡಿದ ಹಾಡಿನಲ್ಲಿ ಸ್ಕಾಗಿಂತ ಆಫ್ರಿಕಾದ ಕುಣಿತವೇ ಹೆಚ್ಚು. ಅದನ್ನು ಪ್ರಪಂಚವೇ ಹಾಡಿತು.

ಬೇರೆ ತಂಡಗಳ ಕಥೆ ಬೇರೆಬೇರೆ. ಟೂ ಟೋನ್‌ನಿಂದಲೇ ಮೊದಲ ಹಾಡು ಬಿಟ್ಟ ಲಂಡನ್ನಿನ ಮ್ಯಾಡ್‌ನೆಸ್ ಮೆಲ್ಲಮೆಲ್ಲಗೆ ಪಾಪ್ ಕಡೆ ವಾಲಿ, ಮನೆಮಂದಿಯೆಲ್ಲ ಕೇಳುವ ತಂಡವಾಯಿತು. ಅಲ್ಲಿ ಅಷ್ಟು ಮುನಿಸು ಇಲ್ಲ, ಬಹುಶಃ ಅವರ ತಮಾಷೆಯ ಸ್ವಭಾವ ಎಲ್ಲೂ ಬದಲಾಗದ್ದರಿಂದ. ಅಮೆರಿಕದ ನೋ ಡೌಟ್ 1995ರ ಆಲ್ಬಮ್‌ನಿಂದ ಲೋಕಪ್ರಸಿದ್ಧವಾದಾಗ ಹಳೆಯ ಸ್ಕಾ ಅಭಿಮಾನಿಗಳಲ್ಲಿ ಕೆಲವರು ದುಡ್ಡಿಗೆ ತಮ್ಮನ್ನು ಮಾರಿಕೊಂಡರು ಎಂದೇ ಬೈದರು. ಫ್ಲೋರಿಡಾದ ಲೆಸ್ ದ್ಯಾನ್ ಜೇಕ್ 2006ರಲ್ಲಿ ಕಹಳೆಗಳನ್ನು ತಗ್ಗಿಸಿ ರಾಕ್ ಮಾಡಿದಾಗ ಜನ ಮುಖ ತಿರುಗಿಸಿದರು. 2008ರ ಆಲ್ಬಮ್‌ನಲ್ಲಿ ತಂಡ ಮತ್ತೆ ಸ್ಕಾಗೆ ಮರಳಿತು. ಅಭಿಮಾನಿಗಳ ಮಾತಿಗೆ ತಂಡ ಕಿವಿಗೊಟ್ಟದ್ದು ಒಳ್ಳೆಯದೇ. ಆದರೂ ಸ್ಪೆಷಲ್ಸ್ ಹಾಗೆ 1980ರಲ್ಲೇ ಹಿಂತಿರುಗಿದ್ದರೆ ಏನೆಲ್ಲ ಕಳೆದುಹೋಗುತ್ತಿತ್ತು ಎಂದು ಯೋಚಿಸಿದರೆ ನನಗೆ ದಿಗಿಲಾಗುತ್ತದೆ.

ಮಾವನ ಮನೆಯ ಜಗಲಿಯಲ್ಲಿ ಒಂದು ಸಂಜೆ ಎರಡೂ ಆಲ್ಬಮ್ ಕೇಳಿಸಿದೆ. ಮೊದಲನೆಯದಕ್ಕೆ ಮಾವನ ಹೆಬ್ಬೆರಳು ಆಡತೊಡಗಿತು. “ಇವ್ರು ಕಾಲು ಎತ್ತೋ ಹೊತ್ತಿಗೆ ಬಾರಿಸ್ತಾರಲ್ಲ, ಭಾರಿ ಉಂಟು” ಎಂದರು. ಎರಡನೆಯದರ ಕೊನೆಯ ಬದಿ ಬಂದಾಗ ಎದ್ದು ಹಟ್ಟಿಯ ಕಡೆ ಹೋದರು. ಮಾವನ ಮಗಳು ಮಾತ್ರ ಅಲ್ಲೇ ಕೂತು ಮತ್ತೊಮ್ಮೆ ಹಾಕಲು ಹೇಳಿದಳು. ದಸರಾ ಮಂಟಪದ ಕೆಲಸಕ್ಕೆ ಪ್ರತಿವರ್ಷ ಓಡಾಡುವ ಹುಡುಗಿ ಅವಳು. “ಭಾವ, ಅಪ್ಪನಿಗೆ ಕುಣಿಯಲಿಕ್ಕೆ ಬೇಕು, ಅದಕ್ಕೇ ಇದು ಆಗುವುದಿಲ್ಲ. ಇದು ಕುಣಿದು ಮುಗಿದ ಮೇಲೆ ಮನೆಗೆ ನಡೆದು ಹೋಗುವಾಗ ಕೇಳುವ ಹಾಡಲ್ವಾ?” ಎಂದಳು. ಕೊವೆಂಟ್ರಿಯ ಜಗಳಗಂಟರಲ್ಲಿ ಯಾರೂ ಇದನ್ನು ಇಷ್ಟು ಚೆನ್ನಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ವಾಪಸ್ ಬಂದು ನೆರೆಯವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಹುಡುಗಿ ಬುದ್ಧಿವಂತೆ, ಆದರೆ ನನಗೆ ಆಗ ಹದಿನಾರು, ನನಗೆ ಮನೆಗೆ ಹೋಗುವ ಮನಸ್ಸೇ ಇರಲಿಲ್ಲ ಎಂದರು. ಇಬ್ಬರದೂ ನಿಜ.

ಸ್ಪೆಷಲ್ಸ್ 2009ರಲ್ಲಿ ಡ್ಯಾಮರ್ಸ್ ಇಲ್ಲದೆ ಮತ್ತೆ ಒಂದಾಗಿ ಊರೂರು ತಿರುಗಿದಾಗ ಜನ ಕೇಳಿದ್ದು ಹೆಚ್ಚಾಗಿ ಹಳೆಯ ಹಾಡುಗಳನ್ನೇ. 2019ರಲ್ಲಿ ಹೊಸ ಆಲ್ಬಮ್ ಬಂತು. ಅದರ ಮೊದಲ ಹಾಡೇ ಡಿಸ್ಕೋ, ಫಂಕ್ ಚಾಲಿನದು. ತಂಡದ ಇತಿಹಾಸದಲ್ಲಿ ಮೊದಲ ಸ್ಥಾನಕ್ಕೇರಿದ ಮೊದಲ ಆಲ್ಬಮ್ ಅದು. ಹದಿನಾರರಲ್ಲಿ ಮುನಿದವರೇ ಐವತ್ತು ದಾಟಿದ ಮೇಲೆ ಹೋಗಿ ಕೊಂಡರು. 2022ರ ಡಿಸೆಂಬರ್ 18ರಂದು ಟೆರ್ರಿ ಹಾಲ್ ತೀರಿಕೊಂಡಾಗ ನಮ್ಮ ನೆರೆಯವರ ಮನೆಯಿಂದ ಆಲ್ಬಮ್‌ಗಳು ಒಂದಾದ ಮೇಲೊಂದು ಕೇಳಿಬಂದವು, ಎರಡನೆಯದರ ಎರಡೂ ಬದಿ ಸೇರಿ.

ಈಗ ಮಾವನ ಮಗಳಿಗೇ ಮದುವೆ ನಿಶ್ಚಯವಾಗಿದೆ. ರಾತ್ರಿಗೆ ಡೀಜೆ ಬೇಕೇ ಬೇಕೆಂದು ಅವಳ ಹಟ, ವಾಲಗದ ಹೊರತು ಬೇರೇನೂ ಬೇಡವೆಂದು ಮಾವನ ಹಟ. ಫೋನಿನಲ್ಲಿ ಇಬ್ಬರ ಮಾತೂ ಕೇಳಿ, ವಾಲಗದವರನ್ನು ಮಧ್ಯಾಹ್ನಕ್ಕೇ ಕಳಿಸಿಬಿಡುವುದು ಬೇಡ, ರಾತ್ರಿಯೂ ಇರಲಿ, ಡೀಜೆ ಹುಡುಗನ ಪಕ್ಕದಲ್ಲೇ ಅವರಿಗೂ ಮೈಕ್ ಇಟ್ಟು ಜೊತೆಗೇ ಬಾರಿಸಲಿ ಎಂದೆ. ಖರ್ಚು ಜಾಸ್ತಿಯಾಗುತ್ತದೆ, ಅದು ನನ್ನ ಲೆಕ್ಕಕ್ಕೆ ಇರಲಿ ಎಂದೂ ಹೇಳಿದ್ದೇನೆ. ಮಾವ ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ: ಡೀಜೆ ಹುಡುಗನ ಟೇಬಲನ್ನು ಹಾಲ್‌ನ ಮೂಲೆಯಲ್ಲಿ ಹಾಕಬಾರದು, ಕುಣಿಯುವವರ ಎದುರಿಗೇ ಹಾಕಬೇಕು.