ಇಡದ ಎಲೆ

ಮಗಳ ಮನೆಯಲ್ಲಿದ್ದ ಆರು ವಾರಗಳಲ್ಲಿ ನಯಾಗರ ನೋಡಿದೆ, ನ್ಯೂಯಾರ್ಕ್ ನೋಡಿದೆ. ಅವುಗಳ ಬಗ್ಗೆ ಹೇಳಲು ನನ್ನಲ್ಲಿ ಹೊಸದೇನೂ ಇಲ್ಲ. ಬರೆಯಲೇಬೇಕು ಅನ್ನಿಸಿದ್ದು ವಾಷಿಂಗ್ಟನ್ ನಗರದಿಂದ ಪೊಟೊಮ್ಯಾಕ್ ನದಿ ದಾಟಿದರೆ ಸಿಗುವ ಆರ್ಲಿಂಗ್ಟನ್ ಸೈನಿಕ ಸ್ಮಶಾನದಲ್ಲಿ ಕಳೆದ ಒಂದು ಬೆಳಗಿನ ಬಗ್ಗೆ ಮಾತ್ರ. ಅಂದು 2024ರ ಅಕ್ಟೋಬರ್ 2. ಹಾಸನದ ಕಡೆಯ ನಮ್ಮ ಹಳ್ಳಿಯಲ್ಲಿ ಮಹಾಲಯ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ದಿನ.

ಬಾಗಿಲಲ್ಲೇ ಟ್ರಾಮ್ ಬಸ್ಸು ಸಿಗುತ್ತದೆ. ಕಾಲಿನಲ್ಲಿ ಶಕ್ತಿಯಿದ್ದವರು ಅದನ್ನು ಹತ್ತಬೇಡಿ. ಧ್ವನಿವರ್ಧಕದ ವಿವರಣೆ ಕೇಳುತ್ತ ಸಮಾಧಿಗಳ ನಡುವೆ ಸಾಗುವುದು ನನಗೆ ಸರಿಕಾಣಲಿಲ್ಲ. 1864ರಲ್ಲಿ ಅಂತರ್ಯುದ್ಧದ ಹೆಣಗಳನ್ನು ಹೂಳಲು ತೆರೆದ ಈ ಗುಡ್ಡದಲ್ಲಿ ಇಂದು ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ಮಲಗಿದ್ದಾರೆ. ಏರುದಾರಿಯಲ್ಲಿ ನಿಧಾನವಾಗಿ ನಡೆದರೆ ಒಂದೇ ಅಳತೆಯ ಬಿಳಿ ಕಲ್ಲುಗಳ ಸಾಲು ಪ್ರತಿ ಹೆಜ್ಜೆಗೂ ಬೇರೆ ದಿಕ್ಕಿಗೆ ತಿರುಗಿದಂತೆ ಕಾಣುತ್ತದೆ.

ಗುಡ್ಡದ ಮೇಲೆ ಅಜ್ಞಾತ ಸೈನಿಕನ ಸಮಾಧಿ. ಅಲ್ಲಿ ಅರ್ಧ ಗಂಟೆಗೊಮ್ಮೆ ಕಾವಲಿನ ಪಾಳಿ ಬದಲಾಗುತ್ತದೆ ಎಂದು ಪ್ರವಾಸದ ಏಜೆಂಟರೊಬ್ಬರು ಕೊಟ್ಟ ಹಾಳೆಯಲ್ಲಿ ಬರೆದಿತ್ತು. ನಾವು ತಲುಪಿದಾಗ ಹನ್ನೊಂದು ಗಂಟೆ ಐದು ನಿಮಿಷ. ಹನ್ನೊಂದೂವರೆ ಆಯಿತು, ಏನೂ ನಡೆಯಲಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಅರ್ಧ ಗಂಟೆಗೊಮ್ಮೆ. ಅಕ್ಟೋಬರ್ 1ರಿಂದ ಮಾರ್ಚ್ ಕೊನೆಯವರೆಗೆ ಗಂಟೆಗೊಮ್ಮೆ. ನಿಯಮ ಬದಲಾಗಿ ಒಂದೇ ದಿನವಾಗಿತ್ತು. ದುಡ್ಡು ತೆಗೆದುಕೊಂಡವರು ಇಷ್ಟನ್ನು ತಿಳಿದು ಹೇಳಬೇಕಿತ್ತು ಎಂಬ ಸಿಟ್ಟು ನನಗೆ ಈಗಲೂ ಇದೆ. ಹೋಗುವವರು ತಿಂಗಳು ನೋಡಿಕೊಂಡು, ಗಂಟೆಗೆ ಹತ್ತು ನಿಮಿಷ ಮೊದಲೇ ತಲುಪಿ. ಮಗಳು ಮೊಮ್ಮಗುವನ್ನು ಎತ್ತಿಕೊಂಡು ನೆರಳು ಹುಡುಕಿ ಹೋದಳು. ನಾನು ಮೆಟ್ಟಿಲ ಮೇಲೆ ಕುಳಿತೆ.

ಕುಳಿತದ್ದರಿಂದ ಕಾವಲಿನವನ ನಡಿಗೆಯನ್ನು ಎಣಿಸಲು ಸಾಧ್ಯವಾಯಿತು. ಕಪ್ಪು ಹಾಸಿನ ಮೇಲೆ ಇಪ್ಪತ್ತೊಂದು ಹೆಜ್ಜೆ. ಸಮಾಧಿಯ ಕಡೆ ತಿರುಗಿ ಇಪ್ಪತ್ತೊಂದು ಸೆಕೆಂಡು ನಿಶ್ಚಲ. ಮತ್ತೆ ತಿರುಗಿ ಅಷ್ಟೇ ಹೊತ್ತು. ಬಂದೂಕನ್ನು ಇನ್ನೊಂದು ಹೆಗಲಿಗೆ ಬದಲಿಸಿ ಮರಳಿ ಇಪ್ಪತ್ತೊಂದು ಹೆಜ್ಜೆ. ಬಂದೂಕು ಯಾವಾಗಲೂ ನಮ್ಮ ಕಡೆಯ ಹೆಗಲಿನಲ್ಲೇ ಇರುತ್ತದೆ, ಸಮಾಧಿಗೂ ಜನರಿಗೂ ನಡುವೆ ತಾನಿದ್ದೇನೆ ಎಂದು ತೋರಿಸಲು. ಇಪ್ಪತ್ತೊಂದು ತೋಪುಗಳ ಗೌರವದ ಲೆಕ್ಕವೇ ಈ ಎಣಿಕೆಗೂ ಮೂಲ. ಅವನ ಸಮವಸ್ತ್ರದಲ್ಲಿ ದರ್ಜೆಯ ಪಟ್ಟಿ ಇರಲಿಲ್ಲ. ಒಳಗಿರುವವನ ದರ್ಜೆ ಯಾರಿಗೂ ಗೊತ್ತಿಲ್ಲ. ಅವನಿಗಿಂತ ಮೇಲಿನವನಾಗಿ ನಿಲ್ಲಬಾರದು ಎಂಬ ಮರ್ಯಾದೆ ಅದು. 1937ರಿಂದ ಇಲ್ಲಿ ಹಗಲೂ ರಾತ್ರಿ ಕಾವಲು ತಪ್ಪಿಲ್ಲ. ನೋಡುವವರು ಒಬ್ಬರೂ ಇಲ್ಲದ ರಾತ್ರಿಯಲ್ಲಿಯೂ ಯಾರೋ ಒಬ್ಬರು ಇಲ್ಲಿರುತ್ತಾರೆ.

ಪಕ್ಕದಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು, "ನೀವು ದೊಡ್ಡದನ್ನು ನೋಡುತ್ತಿದ್ದೀರಿ, ನಾನು ಸಣ್ಣದನ್ನು ನೋಡಲು ಬರುತ್ತೇನೆ" ಎಂದರು. ದೊಡ್ಡದೆಂದರೆ ಬಿಳಿ ಅಮೃತಶಿಲೆಯ ಸಮಾಧಿ. ಅದರಲ್ಲಿರುವವನು ಮೊದಲ ಮಹಾಯುದ್ಧದವನು, 1921ರ ನವೆಂಬರ್ 11ರಂದು ಹೂಳಲ್ಪಟ್ಟವನು. ಅದರ ಬಳಿ ನೆಲಮಟ್ಟಕ್ಕೆ ಮೂರು ಚಪ್ಪಡಿಗಳಿವೆ. ಎರಡರ ಕೆಳಗೆ ಎರಡನೆಯ ಮಹಾಯುದ್ಧದ ಮತ್ತು ಕೊರಿಯಾ ಯುದ್ಧದ ಅಜ್ಞಾತರು. ನಡುವಿನದು ವಿಯೆಟ್ನಾಂ ಯುದ್ಧದ್ದು. ಅದರ ಕೆಳಗೆ ಈಗ ಯಾರೂ ಇಲ್ಲ.

ಆ ವೃದ್ಧೆಯ ಅಣ್ಣ ವಿಯೆಟ್ನಾಂಗೆ ಹೋದವರು, ಮರಳಲಿಲ್ಲ. ದೇಹವೂ ಸಿಗಲಿಲ್ಲ. 1984ರಲ್ಲಿ ಆ ಚಪ್ಪಡಿಯ ಕೆಳಗೆ ಒಬ್ಬ ಹೆಸರಿಲ್ಲದವನನ್ನು ಹೂಳಿದಾಗ ಇವರು ಬಂದಿದ್ದರಂತೆ. "ಅಂದಿನಿಂದ ಹದಿನಾಲ್ಕು ವರ್ಷ ಅದು ನನ್ನ ಅಣ್ಣನೇ ಇರಬಹುದು ಎಂದುಕೊಂಡು ಬರುತ್ತಿದ್ದೆ. ಹೂವು ತರುತ್ತಿದ್ದೆ. ಜಗಳವನ್ನೂ ಆಡುತ್ತಿದ್ದೆ."

1998ರಲ್ಲಿ ಸಮಾಧಿಯನ್ನು ತೆರೆದು ಡಿಎನ್‌ಎ ಪರೀಕ್ಷೆ ಮಾಡಿದರು. ಅದು 1972ರಲ್ಲಿ ವಿಮಾನ ಉರುಳಿ ಸತ್ತ ವಾಯುಪಡೆಯ ಮೈಕೆಲ್ ಬ್ಲಾಸಿ ಎಂದು ತಿಳಿಯಿತು. ಮನೆಯವರು ಅವರನ್ನು ಸೇಂಟ್ ಲೂಯಿಸ್‌ಗೆ ಕರೆದೊಯ್ದು ಹೆಸರಿನೊಡನೆ ಮಣ್ಣು ಮಾಡಿದರು.

"ಆ ತಾಯಿಗೆ ಮಗ ಸಿಕ್ಕಿದನೆಂದು ಸಂತೋಷಪಟ್ಟೆ" ಎಂದರು ಆ ವೃದ್ಧೆ. "ಆಮೇಲೆ ಮನೆಗೆ ಹೋಗಿ ಒಂದು ವಾರ ಅತ್ತೆ. ನನ್ನ ಅಣ್ಣ ಅಂದು ಎರಡನೆಯ ಸಲ ಕಾಣೆಯಾದ."

ನನಗೆ ಮಾತು ಹೊರಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನ ಚಿಕ್ಕಪ್ಪನ ವಿಷಯ ಹೇಳಿದೆ. 1962ರ ಚೀನಾ ಯುದ್ಧದಲ್ಲಿ ನೇಫಾ ಗಡಿಗೆ, ಅಂದರೆ ಇಂದಿನ ಅರುಣಾಚಲದ ಕಡೆಗೆ, ಹೋದವರು. ನಾನು ಹುಟ್ಟುವ ಮೊದಲೇ ಕಾಣೆಯಾದವರು. ಮನೆಗೆ ಬಂದ ತಂತಿಯಲ್ಲಿ ಇದ್ದದ್ದು ಕಾಣೆಯಾಗಿದ್ದಾರೆ ಎಂಬ ಸುದ್ದಿ ಮಾತ್ರ. ಸತ್ತ ದಿನ ಗೊತ್ತಿಲ್ಲದವರಿಗೂ ಮಹಾಲಯದಲ್ಲಿ ಎಡೆ ಇಡಬಹುದು ಎಂದು ಊರಿನ ಹಿರಿಯರು ಅಜ್ಜಿಗೆ ಎಷ್ಟೋ ಸಲ ಹೇಳಿದರು. "ಬದುಕಿರುವವನಿಗೆ ಎಡೆ ಇಡುತ್ತಾರೆಯೇ?" ಎಂಬುದೊಂದೇ ಅವಳ ಉತ್ತರ. ಸಾಯುವವರೆಗೂ ಅವಳು ಒಪ್ಪಲಿಲ್ಲ. ಅವಳ ನಂತರ ಅಪ್ಪನೂ ಇಡಲಿಲ್ಲ.

ಎಡೆ ಎಂದರೇನೆಂದು ಆಕೆಗೆ ವಿವರಿಸುವುದು ಕಷ್ಟವಾಯಿತು. ಬಾಳೆ ಎಲೆ, ಹೋದವರಿಗೆ ಇಷ್ಟವಾದ ಅಡುಗೆ, ಅವರು ಬಂದು ಉಣ್ಣಲೆಂದು ಮುಚ್ಚಿದ ಬಾಗಿಲು. ಆಕೆ ಗಮನವಿಟ್ಟು ಕೇಳಿ, "ನಿಮ್ಮ ಚಿಕ್ಕಪ್ಪನಿಗೆ ಏನು ಇಷ್ಟ?" ಎಂದರು. ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಎಂದೆ. ಇಷ್ಟವಿತ್ತು ಎಂದು ಕೇಳದೆ ಇಷ್ಟ ಎಂದು ಕೇಳಿದರಲ್ಲ, ಅದು ಅಜ್ಜಿಯ ಮಾತಿನ ರೀತಿ.

ಹನ್ನೆರಡಕ್ಕೆ ಪಾಳಿಯ ಮುಖ್ಯಸ್ಥ ಬಂದು, ಎದ್ದು ನಿಲ್ಲಿ, ಮೌನವಾಗಿರಿ ಎಂದ. ಹೊಸದಾಗಿ ಬಂದವನ ಬಂದೂಕನ್ನು ಬಿಳಿ ಕೈಗವಸಿನಿಂದ ಅಂಗುಲ ಅಂಗುಲವಾಗಿ ಪರೀಕ್ಷಿಸಿದ. ಲೋಹಕ್ಕೆ ಬೆರಳು ತಾಗುವ ಸದ್ದು ಮೆಟ್ಟಿಲಿನವರೆಗೂ ಕೇಳಿಸಿತು. ಆಮೇಲೆ ಮೂವರೂ ಸಮಾಧಿಗೆ ಸೆಲ್ಯೂಟ್ ಕೊಟ್ಟರು. ಇಳಿಯುವವನು ಹೇಳಿದ ಮಾತು ಇಷ್ಟೇ: ಕಾವಲೂ ಆಜ್ಞೆಯೂ ಇದ್ದಂತೆಯೇ ಇವೆ. ಏರುವವನು ಒಪ್ಪಿಕೊಂಡ. ಅಟ್ಟಾರಿ ಗಡಿಯಲ್ಲಿ ಕಾಲೆತ್ತಿ ಅಪ್ಪಳಿಸುವ ಕವಾಯತನ್ನೂ ಜನರ ಜಯಘೋಷವನ್ನೂ ನೋಡಿದ್ದೇನೆ. ನನ್ನ ಮನಸ್ಸು ಒಪ್ಪಿದ್ದು ಈ ಸದ್ದಿಲ್ಲದ ಕೆಲಸವನ್ನು. ಮೊಬೈಲ್ ಎತ್ತಿ ಹಿಡಿದವರು ಚಿತ್ರ ಸಿಕ್ಕ ಕೂಡಲೇ ಇಳಿದು ಹೋದದ್ದು ಮಾತ್ರ ಬೇಸರ ತಂದಿತು. ಹೊಸಬನ ಮೊದಲ ಇಪ್ಪತ್ತೊಂದು ಹೆಜ್ಜೆಗಳನ್ನು ಅವರು ನೋಡಲೇ ಇಲ್ಲ.

ಆ ನಡುವಿನ ಚಪ್ಪಡಿಯ ಕೆಳಗೆ ಇನ್ನು ಯಾರನ್ನೂ ಇಡುವುದಿಲ್ಲ ಎಂದು ತೀರ್ಮಾನಿಸಿದ್ದಾರೆ. ಕಾಣೆಯಾದ ಯೋಧರ ಮೇಲಿನ ನಂಬಿಕೆಯನ್ನು ಉಳಿಸಿಕೊಳ್ಳುತ್ತೇವೆ ಎಂಬರ್ಥದ ಮಾತನ್ನು ಅದರ ಮೇಲೆ ಕೆತ್ತಿದ್ದಾರೆ. ಕಾವಲು ಅದಕ್ಕೂ ಇದೆ.

ಮೆಟ್ರೊ ನಿಲ್ದಾಣದಿಂದ ಊರಿಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ ಹತ್ತೂವರೆ.

"ಎಡೆ ಇಟ್ಟಿರಾ ಅಣ್ಣ?"

"ಇಟ್ಟೆವು. ಐದು ಎಲೆ."

"ಚಿಕ್ಕಪ್ಪನಿಗೆ?"

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಜ್ಜಿ ಬೇಡ ಎಂದಿದ್ದಳಲ್ಲ" ಎಂದ.