ಮುಂಬೈಯ ಕಲ್ಲಿನ ಅರವಟ್ಟಿಗೆಗಳು

ಮುಂಬೈಗೆ ಬಂದವರು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ಎದುರು ನಿಂತು ಫೋಟೋ ತೆಗೆಸಿಕೊಳ್ಳದೆ ಹಿಂದಿರುಗುವುದು ಅಪರೂಪ. ಆದರೆ ಆ ನಿಲ್ದಾಣವನ್ನು ರೂಪಿಸಿದ ಎಫ್. ಡಬ್ಲ್ಯೂ. ಸ್ಟೀವನ್ಸ್ ಅವರೇ ವಿನ್ಯಾಸಗೊಳಿಸಿದ ಪುಟ್ಟ ಕಟ್ಟಡವೊಂದು ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ಫೋರ್ಟಿನ ಮಿಂಟ್ ರಸ್ತೆಯಲ್ಲಿದೆ. ಅದರತ್ತ ಕಣ್ಣು ಹಾಯಿಸುವವರು ತೀರಾ ಕಡಿಮೆ. ಅದು ಮುಲ್ಜಿ ಜೇಠಾ ಮನೆತನದ ಹತ್ತಿ ವ್ಯಾಪಾರಿಗಳು ಹದಿನೈದರ ಹರೆಯದಲ್ಲಿ ತೀರಿಕೊಂಡ ತಮ್ಮ ಮನೆಯ ಹುಡುಗನ ನೆನಪಿಗಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದ ಅರವಟ್ಟಿಗೆ. ತುದಿಯಲ್ಲಿ ಪುಸ್ತಕ ಹಿಡಿದ ಹುಡುಗನ ಪ್ರತಿಮೆಯಿದೆ. ಮಗುವನ್ನು ಕಳೆದುಕೊಂಡ ದುಃಖವನ್ನು ಗೋರಿಯಾಗಿಯೋ ಮಂಟಪವಾಗಿಯೋ ನಿಲ್ಲಿಸದೆ, ದಾರಿಹೋಕರ ಬಾಯಾರಿಕೆ ತಣಿಸುವ ನೀರಾಗಿ ಹರಿಯಬಿಟ್ಟ ಆ ಮನಸ್ಸು ನನಗೆ ಕೆತ್ತನೆಗಿಂತಲೂ ದೊಡ್ಡದಾಗಿ ಕಂಡಿತು.

ಇಂತಹ ಅರವಟ್ಟಿಗೆಗಳನ್ನು ಮುಂಬೈಯವರು ಪ್ಯಾವು ಎನ್ನುತ್ತಾರೆ. ಬಾವಿ ಮತ್ತು ಕೆರೆಗಳನ್ನೇ ನಂಬಿಕೊಂಡಿದ್ದ ಈ ದ್ವೀಪನಗರಕ್ಕೆ 1860ರಲ್ಲಿ ವಿಹಾರ ಸರೋವರದ ನೀರು ಕೊಳವೆಯಲ್ಲಿ ಬಂದ ಬಳಿಕ, ಬೀದಿಬೀದಿಗಳಲ್ಲಿ ಧರ್ಮಾರ್ಥ ನೀರು ಕೊಡುವುದು ಸುಲಭವಾಯಿತು. ಗುಜರಾತಿ, ಪಾರಸಿ ಸಿರಿವಂತರು ತೀರಿಹೋದ ಆಪ್ತರ ಹೆಸರಿನಲ್ಲಿ ಅವನ್ನು ಕಟ್ಟಿಸಿದರು. ಜನರಲ್ ಪೋಸ್ಟ್ ಆಫೀಸಿನ ಬಳಿ ಇರುವ ಕೊಠಾರಿ ಪ್ಯಾವು ತಂದೆಯೊಬ್ಬರು ಮಗಳ ನೆನಪಿಗೆ ಕಟ್ಟಿಸಿದ್ದು.

ಇವುಗಳ ಚೆಲುವು ಕಾಣಬೇಕಾದರೆ ಸ್ವಲ್ಪ ಬಗ್ಗಬೇಕು. ಮೇಲೆ ಮನುಷ್ಯರಿಗೆ ನಲ್ಲಿ, ಅದರ ಕೆಳಗೆ ದನ, ಕುದುರೆಗಳಿಗೆ ತೊಟ್ಟಿ, ಕೆಲವು ಕಡೆ ನೆಲಕ್ಕೆ ತಾಗಿದಂತೆ ನಾಯಿಗಳಿಗೊಂದು ಸಣ್ಣ ಬಟ್ಟಲು. 1874ರಿಂದ ಇಲ್ಲಿ ಟ್ರಾಮು ಎಳೆದದ್ದು ಕುದುರೆಗಳು. 1907ರಲ್ಲಿ ವಿದ್ಯುತ್ ಟ್ರಾಮು ಬರುವವರೆಗೂ ಬೀದಿಯಲ್ಲಿ ಅವುಗಳಿಗೂ ನೀರು ಬೇಕಿತ್ತು. ನಾನು ನೋಡಿದ ಒಂದು ತೊಟ್ಟಿಯ ಅಂಚು ಒಂದೇ ಕಡೆ ನುಣುಪಾಗಿ ತಗ್ಗಿತ್ತು. ಬೆರಳಾಡಿಸಿದರೆ ಆ ತಗ್ಗಿನಲ್ಲಿ ಕಲ್ಲಿನ ಒರಟುತನವೇ ಇಲ್ಲ; ಅತ್ತಿತ್ತ ಒಂದು ಗೇಣು ಸರಿದರೆ ಉಳಿಯ ಗೆರೆಗಳು ಇನ್ನೂ ಕೈಗೆ ಹತ್ತುತ್ತವೆ. ಎಷ್ಟು ಎತ್ತುಗಳ ಕೊರಳು ಅಲ್ಲಿ ಒರಗಿತ್ತೋ! ಇಷ್ಟು ಜೀವಿಗಳ ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಂಡು ಕಟ್ಟಿದ ಕಟ್ಟಡ ಈ ಮಹಾನಗರದಲ್ಲಿ ಬೇರೆ ಯಾವುದಿದೆ?

ಜೊತೆಗಿದ್ದ ಸೋದರಮಾವ ಎಳವೆಯಲ್ಲಿ ಉಡುಪಿಯ ಕಡೆಯಿಂದ ಬಂದು, ಹಗಲು ಫೋರ್ಟಿನ ಹೋಟೆಲಿನಲ್ಲಿ ದುಡಿದು, ಸಂಜೆಯ ಬಳಿಕ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. “ಮಾರಾಯಾ, ಶಾಲೆಗೆ ಹೋಗುವ ಮುಂಚೆ ಇಂಥದ್ದೇ ಒಂದು ನಲ್ಲಿಯಲ್ಲಿ ಮುಖ ತೊಳೆದುಕೊಳ್ಳುತ್ತಿದ್ದೆವು. ಯಾರು ಕಟ್ಟಿಸಿದ್ದು ಅಂತ ಆಗ ಕೇಳಿದವರೇ ಇಲ್ಲ” ಎಂದರು. ಹೋಟೆಲಿನ ಹುಡುಗರಿಗೆ, ಹಮಾಲಿಗಳಿಗೆ ಜಾತಿ ಕೇಳದೆ ನೀರು ಕೊಟ್ಟ ಈ ಕಲ್ಲುಗಳು ಮುಂಬೈ ಕನ್ನಡಿಗರ ಚರಿತ್ರೆಗೂ ಸೇರಿದವು ಎಂದು ನಾನು ತಿಳಿಯುತ್ತೇನೆ.

ಇಂದು ಎಷ್ಟೋ ಪ್ಯಾವುಗಳು ಒಣಗಿವೆ, ಕೆಲವಕ್ಕೆ ಅಂಗಡಿಗಳು ಆತುಕೊಂಡಿವೆ. ಈಚಿನ ವರ್ಷಗಳಲ್ಲಿ ಕೆಲವುಗಳ ಜೀರ್ಣೋದ್ಧಾರವಾಗಿರುವುದು ಸಂತೋಷದ ಸಂಗತಿಯೇ ಆದರೂ, ಕಲ್ಲು ತೊಳೆದು, ಬೇಲಿ ಹಾಕಿ, ನಲ್ಲಿಯನ್ನು ಒಣಗಲು ಬಿಟ್ಟರೆ ಅದು ಅರ್ಧ ಕೆಲಸ. ನೀರು ಹರಿಯದ ಅರವಟ್ಟಿಗೆಯನ್ನು ಉಳಿಸಿದೆವೆಂದು ಹೇಳಿಕೊಳ್ಳಲಾಗದು.

ಮಾಟುಂಗಾದ ನೆಂಟರ ಮನೆಗೆ ಬರುವ ಕನ್ನಡಿಗರು ಒಂದು ಬೆಳಗ್ಗೆ ಸೆಂಟ್ರಲ್ ಲೈನಿನ ಸ್ಲೋ ಲೋಕಲ್ ಹಿಡಿದು, ಕೊನೆಯ ನಿಲ್ದಾಣಕ್ಕಿಂತ ಒಂದು ಮೊದಲು, ಮಸ್ಜಿದ್‌ನಲ್ಲಿ ಇಳಿಯಬೇಕು. ಅಲ್ಲಿನ ಭಾತ್ ಬಜಾರಿನಲ್ಲಿ 1876ರ ಕೇಶವಜಿ ನಾಯಕ್ ಪ್ಯಾವು ಗಡಿಯಾರದ ಗೋಪುರ ಹೊತ್ತು ನಿಂತಿದೆ. ಕೈಗಾಡಿಗಳ ಸಾಲು ಬೆಳೆಯುವ ಮುನ್ನ ಹೋದರೆ ಸುತ್ತ ಒಂದು ಸುತ್ತು ಹಾಕಿ ನೋಡಬಹುದು.