ಸುಬಿಯಾಕೊ: ಬಂಡೆಯೊಳಗಿನ ಮಠ

ರೋಮ್‌ನಿಂದ ಪೂರ್ವಕ್ಕೆ ಸುಮಾರು 70 ಕಿ.ಮೀ. ದೂರದಲ್ಲಿ, ಅನಿಯೆನೆ ನದಿಯ ಇಕ್ಕಟ್ಟಾದ ಕಣಿವೆಯಲ್ಲಿ ಸುಬಿಯಾಕೊ ಎಂಬ ಪುಟ್ಟ ಊರಿದೆ. ಪೊಂತೆ ಮಮ್ಮೊಲೊ ಮೆಟ್ರೊ ನಿಲ್ದಾಣದ ಬಳಿ ಬಸ್ಸು ಹತ್ತಿದರೆ ಬಯಲು ಹಿಂದೆ ಸರಿದು ಬೆಟ್ಟಗಳು ಎರಡೂ ಕಡೆಯಿಂದ ಒತ್ತಿಕೊಂಡು ಬರುತ್ತವೆ. ನೀರೋ ಚಕ್ರವರ್ತಿ ಈ ನದಿಗೆ ಕಟ್ಟೆ ಕಟ್ಟಿಸಿ, ಕೆರೆಗಳ ದಡದಲ್ಲಿ ವಿಲಾಸಭವನವನ್ನು ಎಬ್ಬಿಸಿದ್ದ. ಕ್ರಿ.ಶ. 500ರ ಸುಮಾರಿಗೆ, ಮುಂದೆ ಸಂತನೆನಿಸಿದ, ಆಗ ರೋಮ್‌ನಲ್ಲಿ ಓದುತ್ತಿದ್ದ ಬೆನೆಡಿಕ್ಟ್ ಎಂಬ ತರುಣ ಅಲ್ಲಿನ ಬದುಕಿಗೆ ಬೇಸತ್ತು ಇದೇ ಕಣಿವೆಗೆ ಬಂದು ಗುಹೆಯೊಂದನ್ನು ಹೊಕ್ಕ.

ಊರಿನಿಂದ ಏರುವ ದಾರಿಯಲ್ಲಿ ಮೊದಲು ಸಿಗುವುದು ಅವನ ತಂಗಿಯ ಹೆಸರಿನ ಸಾಂತ ಸ್ಕೊಲಾಸ್ತಿಕ ಮಠ. ಬೆನೆಡಿಕ್ಟ್ ಇಲ್ಲಿ ಕಟ್ಟಿದ ಹನ್ನೆರಡು ಮಠಗಳಲ್ಲಿ ಇಂದಿಗೂ ಬಾಳುತ್ತಿರುವುದು ಇದೊಂದೇ. ಮೂರು ಬೇರೆ ಬೇರೆ ಕಾಲದ ಅಂಗಳಗಳು, 11ನೇ ಶತಮಾನದ ಗಂಟೆಗೋಪುರ, ಒಳಗೆ 18ನೇ ಶತಮಾನದಲ್ಲಿ ಕ್ವಾರೆಂಗಿ ಎಂಬ ವಾಸ್ತುಶಿಲ್ಪಿ ರೂಪಿಸಿದ ಬಿಳಿಯ ಚರ್ಚು. ಈ ಚರ್ಚು ನನಗೆ ತೀರಾ ತಣ್ಣಗೆನಿಸಿತು. ಗ್ರಂಥಾಲಯದ ಕಥೆಯೇ ಹೆಚ್ಚು ಸ್ವಾರಸ್ಯಕರ. ಸ್ವೇಯ್ನ್‌ಹೈಮ್ ಮತ್ತು ಪನ್ನಾರ್ಟ್ಜ್ ಎಂಬ ಇಬ್ಬರು ಜರ್ಮನ್ ಮುದ್ರಕರು ಆಲ್ಪ್ಸ್ ದಾಟಿ ಬಂದು, ಇಟಲಿಯ ಮೊತ್ತಮೊದಲ ಮುದ್ರಣಾಲಯವೆಂದು ಸಾಮಾನ್ಯವಾಗಿ ಹೇಳಲಾಗುವ ಯಂತ್ರವನ್ನು ಹೂಡಿದ್ದು ಪಟ್ಟಣದಲ್ಲಲ್ಲ, ಈ ಬೆಟ್ಟದ ಮಠದಲ್ಲಿ. ಇಲ್ಲಿ 1465ರಲ್ಲಿ ಆದಿಕಾಲದ ಕ್ರೈಸ್ತ ಲೇಖಕ ಲಾಕ್ಟಾಂಟಿಯಸ್‌ನ ಕೃತಿಯೂ 1467ರಲ್ಲಿ ಸಂತ ಅಗಸ್ಟಿನ್‌ನ ‘ದೇವನಗರಿ’ಯೂ ಅಚ್ಚಾದವು. ಆಮೇಲೆ ಇಬ್ಬರೂ ಗಂಟುಮೂಟೆ ಕಟ್ಟಿಕೊಂಡು ರೋಮ್‌ಗೆ ಹೊರಟುಹೋದರು.

ಅಲ್ಲಿಂದ ಮೇಲಕ್ಕೆ ಓಕ್ ಮರಗಳ ನೆರಳಲ್ಲಿ ನಡೆದರೆ ‘ಸಾಕ್ರೊ ಸ್ಪೆಕೊ’, ಅಂದರೆ ಪವಿತ್ರ ಗುಹೆ. ಇದನ್ನು ಕಟ್ಟಡ ಎನ್ನುವುದೇ ಕಷ್ಟ. ಕಡಿದಾದ ಬಂಡೆಯ ಮೈಗೆ ಕಮಾನಿನ ಮೇಲೆ ಕಮಾನು ಕೊಟ್ಟು ನಿಲ್ಲಿಸಿದ ಈ ಮಠದೊಳಗೆ ಒಂದೆಡೆ ಗೋಡೆ ಮುಗಿದು ಹಸಿಬಂಡೆ ಶುರುವಾಗುತ್ತದೆ, ಇನ್ನೊಂದೆಡೆ ಮೆಟ್ಟಿಲು ಇಳಿದಷ್ಟೂ ಇನ್ನೊಂದು ಗುಡಿ ತೆರೆದುಕೊಳ್ಳುತ್ತದೆ. ಕೆಳಗಿನ ಗುಹೆಯಲ್ಲಿ ಬೆನೆಡಿಕ್ಟ್ ಮೂರು ವರ್ಷ ಒಬ್ಬನೇ ಇದ್ದನೆಂದು ಪೋಪ್ ಗ್ರೆಗೊರಿ ಬರೆದ ಚರಿತ್ರೆ ಹೇಳುತ್ತದೆ. ಒಬ್ಬನೇ ಎಂಬ ಮಾತನ್ನು ತುಸು ಸಡಿಲವಾಗಿಯೇ ತೆಗೆದುಕೊಳ್ಳಬೇಕು. ರೊಮಾನಸ್ ಎಂಬ ಸಂನ್ಯಾಸಿ ತನ್ನ ಪಾಲಿನ ರೊಟ್ಟಿಯಲ್ಲಿ ಉಳಿಸಿ, ಹಗ್ಗಕ್ಕೆ ಗಂಟೆ ಕಟ್ಟಿ, ಮೇಲಿನಿಂದ ಇಳಿಬಿಡುತ್ತಿದ್ದ. ಸೈತಾನ ಕಲ್ಲೆಸೆದು ಆ ಗಂಟೆಯನ್ನು ಒಡೆದದ್ದೂ ಅದೇ ಚರಿತ್ರೆಯಲ್ಲಿದೆ. ಏಕಾಂತಕ್ಕೂ ಇನ್ನೊಬ್ಬರ ಅನ್ನದ ಋಣ ತಪ್ಪಲಿಲ್ಲ. ಕುರುಬರು ಕಂಡುಹಿಡಿದ ಮೇಲಂತೂ ಜನ ಬರುವುದು ನಿಲ್ಲಲೇ ಇಲ್ಲ.

ಬಂದವರಲ್ಲಿ ಫ್ರಾನ್ಸಿಸ್ಕನ್ ಪಂಥವನ್ನು ಕಟ್ಟಿದ ಅಸ್ಸಿಸಿಯ ಫ್ರಾನ್ಸಿಸ್ ಕೂಡ ಒಬ್ಬ ಎಂಬುದು ಇಲ್ಲಿನ ನಂಬಿಕೆ. ಸಂತ ಗ್ರೆಗೊರಿಯ ಗುಡಿಯ ಗೋಡೆಯಲ್ಲಿ ಅವನ ಚಿತ್ರವಿದೆ. ಚೂಪು ತುದಿಯ ಮುಸುಕು, ಸೊಂಟಕ್ಕೆ ಹಗ್ಗ, ತೆಳ್ಳನೆಯ ಗಡ್ಡ, ಕೈಯಲ್ಲಿ ‘ಈ ಮನೆಗೆ ಶಾಂತಿ’ ಎಂದು ಲ್ಯಾಟಿನ್‌ನಲ್ಲಿ ಬರೆದ ಸುರುಳಿ. ತಲೆಯ ಹಿಂದೆ ಪ್ರಭಾವಳಿಯಿಲ್ಲ, ಕೈಗಳಲ್ಲಿ ಕ್ರಿಸ್ತನ ಪಂಚಗಾಯದ ಗುರುತಿಲ್ಲ, ಹೆಸರಿನ ಹಿಂದೆ ಇರುವುದು ‘ಸಂತ’ ಅಲ್ಲ, ‘ಸಹೋದರ’. ಅವನನ್ನು ಸಂತನೆಂದು ಸಾರಿದ್ದು 1228ರಲ್ಲಾದ್ದರಿಂದ ಚಿತ್ರ ಅದಕ್ಕೂ ಮುಂಚಿನದಿರಬೇಕೆಂದು ಹಲವು ವಿದ್ವಾಂಸರು ತರ್ಕಿಸುತ್ತಾರೆ. ಮುಂದಿನ ಶತಮಾನಗಳ ವೈಭವದ ಚಿತ್ರಗಳು ಸುತ್ತಲೂ ತುಂಬಿದ್ದರೂ ನಾನು ಹೆಚ್ಚು ಹೊತ್ತು ನಿಂತದ್ದು ಇದರ ಮುಂದೆಯೇ.

ಹೊರಗಿನ ಸಣ್ಣ ತೋಟದಲ್ಲಿ ಗುಲಾಬಿಗಳಿವೆ. ಕಾಮವನ್ನು ಗೆಲ್ಲಲು ಬೆನೆಡಿಕ್ಟ್ ಬರಿಮೈಯಲ್ಲಿ ಉರುಳಾಡಿದ ಮುಳ್ಳುಪೊದೆಯನ್ನು ಫ್ರಾನ್ಸಿಸ್ ಗುಲಾಬಿಯಾಗಿಸಿದನಂತೆ.

ವಿಷವಿಕ್ಕುವಷ್ಟು ಅಸೂಯೆಪಟ್ಟ ಪಾದ್ರಿಯೊಬ್ಬನ ಕಾಟದಿಂದ ಬೆನೆಡಿಕ್ಟ್ ಕೊನೆಗೆ ಮೊಂತೆ ಕಸ್ಸೀನೊಗೆ ಹೊರಟುಹೋದ. ಅಲ್ಲಿ ಅವನು ಬರೆದ 73 ಅಧ್ಯಾಯಗಳ ನಿಯಮಾವಳಿಯೇ ಇಲ್ಲಿನವರ ದಿನಚರಿಗೂ ಆಧಾರ: ವಾರಕ್ಕೊಮ್ಮೆ ಬೈಬಲಿನ 150 ಕೀರ್ತನೆಗಳನ್ನೂ ಹಾಡಿ ಮುಗಿಸಬೇಕು, ಕೈಕೆಲಸ ಮಾಡಬೇಕು, ಬಂದ ಅತಿಥಿಯನ್ನು ಕ್ರಿಸ್ತನೆಂದೇ ಬರಮಾಡಿಕೊಳ್ಳಬೇಕು. ಸಾಂತ ಸ್ಕೊಲಾಸ್ತಿಕದ ಅತಿಥಿಗೃಹ ಇಂದಿಗೂ ಈ ಮಾತಿನ ಮೇಲೆಯೇ ನಡೆಯುತ್ತಿದೆ. ದ್ರಾಕ್ಷಾರಸದ ಅಧ್ಯಾಯ ಮಾತ್ರ ನಗು ತರಿಸುತ್ತದೆ. ಅದು ಸಂನ್ಯಾಸಿಗಳಿಗೆ ತಕ್ಕದ್ದಲ್ಲವೆಂದು ಓದಿದ್ದೇವೆ, ಆದರೆ ಈ ಕಾಲದವರಿಗೆ ಇದನ್ನು ಒಪ್ಪಿಸುವುದು ಆಗದ ಮಾತಾದ್ದರಿಂದ ಮಿತವಾಗಿಯಾದರೂ ಕುಡಿಯೋಣ ಎಂದು ಆರನೆಯ ಶತಮಾನದಲ್ಲೇ ಅವನು ಬರೆದುಬಿಟ್ಟಿದ್ದಾನೆ.